ಕಟವಪ್ರದ ಬಂಡೆ ಮತ್ತು ಬಾಡಿಗೆಯ ಮಾರ್ಗದರ್ಶಿ

ಹೂಡಿ, ವೈಟ್‌ಫೀಲ್ಡ್ ಪರಿಸರದಲ್ಲಿ ನೆಲೆಸಿರುವ ನಮ್ಮ ಸಮಾಜದ ಕುಟುಂಬಗಳು ಸಂಘಯಾತ್ರೆಗೆ ಕಾಯದೆ, ವಾಹನವನ್ನೂ ಮಾರ್ಗದರ್ಶಿಯನ್ನೂ ಒಟ್ಟಿಗೆ ಗೊತ್ತುಮಾಡಿಕೊಂಡು ಒಂದೇ ದಿನದಲ್ಲಿ ಶ್ರವಣಬೆಳಗೊಳಕ್ಕೆ ಹೋಗಿಬರುವುದುಂಟು. ವೃದ್ಧರಿಗೂ ಮಕ್ಕಳಿಗೂ ಇದು ಅನುಕೂಲವೇ. ಆದರೆ ಹಣ ಕೊಟ್ಟು ಕೇಳುವ ಮಾತಿನ ಸತ್ಯಾಸತ್ಯಕ್ಕೆ ಕೇಳುವವರೂ ಹೊಣೆಯಲ್ಲವೇ ಎಂಬ ಪ್ರಶ್ನೆ ಅಂತಹ ಒಂದು ಪ್ರವಾಸದಲ್ಲಿ ನನ್ನನ್ನು ಕಾಡಿತು.

ನಸುಕಿನಲ್ಲಿ ಹೂಡಿ ಬಿಟ್ಟು, ಕುಣಿಗಲ್ ಹಾದು, ಹಿರೀಸಾವೆಯ ಬಳಿ ಹೆದ್ದಾರಿಯಿಂದ ತಿರುಗಿದೆವು. ವಿಂಧ್ಯಗಿರಿಯಲ್ಲಿ ಗೊಮ್ಮಟೇಶ್ವರನ ದರ್ಶನವಾದ ಮೇಲೆ, ಎದುರಿನ ಚಿಕ್ಕಬೆಟ್ಟದಲ್ಲಿ ವಿಶೇಷವೇನಿಲ್ಲ, ಬಿಸಿಲೂ ಏರಿತು ಎಂದು ಮಾರ್ಗದರ್ಶಿ ಹೇಳಿದನು. ಹಿರಿಯರೊಬ್ಬರು ಹಟ ಹಿಡಿದುದರಿಂದ ಏರಿದೆವು.

ಚಿಕ್ಕಬೆಟ್ಟವೆಂದರೆ ಚಂದ್ರಗಿರಿ, ಶಾಸನಗಳ ಕಟವಪ್ರ, ಕಳ್ವಪ್ಪು. ಗೊಮ್ಮಟಮೂರ್ತಿ ಮೂಡಿದ್ದು ಹತ್ತನೆಯ ಶತಮಾನದ ಕೊನೆಗೆ. ಅದಕ್ಕೂ ಸುಮಾರು ನಾಲ್ಕು ಶತಮಾನ ಮೊದಲೇ ಈ ಬೆಟ್ಟ ತೀರ್ಥವಾಗಿತ್ತು. ಪಾರ್ಶ್ವನಾಥ ಬಸದಿಯ ನೈರುತ್ಯಕ್ಕೆ ಬಂಡೆಯ ಮೇಲೆ ಸುಮಾರು ಕ್ರಿ.ಶ. 600ರ ಸಂಸ್ಕೃತ ಶಾಸನವಿದೆ. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿಗಳು ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡುದು, ಸಂಘವು ದಕ್ಷಿಣಾಪಥಕ್ಕೆ ಹೊರಟುದು ಇದರಲ್ಲಿದೆ. ಬಳಿಕ ಶಾಸನಕಾರನು ಬೆಟ್ಟವನ್ನೇ ನೋಡಲು ನಿಲ್ಲುತ್ತಾನೆ: ಉದುರಿದ ಹೂಗಳಿಂದ ಚಿತ್ರಿತವಾದ ನೆಲ, ನೀರು ತುಂಬಿದ ಮುಗಿಲಿನಂತೆ ಕಪ್ಪಾದ ಬಂಡೆಗಳು, ಹಂದಿ, ಹುಲಿ, ಕರಡಿ, ಹಾವು, ಜಿಂಕೆಗಳು ತುಂಬಿದ ಕಣಿವೆ ಗವಿಗಳು. ಅಂಥ ಕಾಡಿನ ನಡುವೆ ಆಚಾರ್ಯ ಪ್ರಭಾಚಂದ್ರರು ಸಂಘವನ್ನು ಬೀಳ್ಕೊಟ್ಟು, ಒಬ್ಬನೇ ಶಿಷ್ಯನೊಡನೆ ಉಳಿದು, ತಣ್ಣನೆಯ ಶಿಲೆಗಳ ಮೇಲೆ ಸಮಾಧಿಯನ್ನು ಸಾಧಿಸಿದರು. ಕಾಲಕ್ರಮದಲ್ಲಿ ಏಳುನೂರು ಋಷಿಗಳು ಹಾಗೆಯೇ ಸಾಧಿಸಿದರಂತೆ. ಪ್ರಕೃತಿವರ್ಣನೆಗೆ ಇಷ್ಟು ಎಡೆ ಕೊಟ್ಟ ಶಾಸನವು ಅಪರೂಪವೆಂದೇ ನನ್ನ ಎಣಿಕೆ.

ಮಾರ್ಗದರ್ಶಿಯು ಹೇಳಿದ್ದು ಒಂದೇ ವಾಕ್ಯ: ಚಂದ್ರಗುಪ್ತ ಮೌರ್ಯನು ಇಲ್ಲಿ ಉಪವಾಸದಿಂದ ಆತ್ಮಹತ್ಯೆ ಮಾಡಿಕೊಂಡನೆಂದು ಈ ಕಲ್ಲು ಹೇಳುತ್ತದೆ.

ಕಲ್ಲಿನಲ್ಲಿ ಚಂದ್ರಗುಪ್ತನ ಹೆಸರಿಲ್ಲ. ಪ್ರಭಾಚಂದ್ರನೆಂಬುದು ಅವನ ದೀಕ್ಷಾನಾಮವೆಂದು 1889ರಲ್ಲಿ ಇಲ್ಲಿಯ ಶಾಸನಗಳನ್ನು ಪ್ರಕಟಿಸಿದ ಲೂಯಿಸ್ ರೈಸ್ ಊಹಿಸಿದರು. ಫ್ಲೀಟ್ ಅದನ್ನು ಒಪ್ಪಲಿಲ್ಲ. ಭದ್ರಬಾಹು ಹಾಗೂ ಚಂದ್ರಗುಪ್ತ ಮುನಿಗಳ ಜೋಡಿಯನ್ನು ಹೆಸರಿಸುವುದು ಇದೇ ಬೆಟ್ಟದ ಏಳನೆಯ ಶತಮಾನದ ಇನ್ನೊಂದು ಶಾಸನ. ಪರಂಪರೆ ಹಳೆಯದು, ಪೂಜ್ಯವಾದುದು. ಆದರೆ ಕಲ್ಲು ಆಡದ ಮಾತನ್ನು ಕಲ್ಲಿನ ಬಾಯಲ್ಲಿ ಆಡಿಸುವುದು ಸತ್ಯಾಣುವ್ರತಿಗೆ ಒಪ್ಪುವುದಿಲ್ಲ, ಆ ಮಾತು ನಮ್ಮ ಹೆಮ್ಮೆಗೆ ಅನುಕೂಲವಾಗಿದ್ದರೂ.

ಇನ್ನು 'ಆತ್ಮಹತ್ಯೆ' ಎಂಬ ಪದ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಅದಕ್ಕೆ ಸಮನಾಗಿ ಕಂಡಾಗ ಊರೂರುಗಳಲ್ಲಿ ಮೌನ ಮೆರವಣಿಗೆ ಮಾಡಿದೆವು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ಕೊಟ್ಟಿತು. ರಾಗದ್ವೇಷಗಳಿಂದ ಪ್ರಾಣ ನೀಗುವುದು ಬೇರೆ, ಕಷಾಯಗಳನ್ನು ಕೃಶಗೊಳಿಸುತ್ತ ದೇಹವನ್ನು ಬಿಡುವುದು ಬೇರೆ. ಆದರೆ ಅಂದು ಬಂಡೆಯ ಮುಂದೆ ನಮ್ಮ ಜೊತೆಗಿದ್ದ ಹುಡುಗನೊಬ್ಬ "ಹೌದಾ?" ಎಂದು ಕೇಳಿದಾಗ ಪದವಿ ಪಡೆದ ನಾವು ಐದು ಮಂದಿಯೂ ಸುಮ್ಮನಿದ್ದೆವು. ಮೆರವಣಿಗೆಯಲ್ಲಿ ನಡೆದವರೂ ನಮ್ಮಲ್ಲಿದ್ದರು. ಮಾರ್ಗದರ್ಶಿಯನ್ನು ದೂರುವ ಅಧಿಕಾರ ನಮಗೆಲ್ಲಿಯದು? ಅವನಿಗೆ ಯಾರೂ ಕಲಿಸಿರಲಿಲ್ಲ. ನಮಗೆ ಕಲಿಸಿದ್ದರೂ ನಾವು ಕಲಿತಿರಲಿಲ್ಲ.

ಉತ್ತರ ಕೊಟ್ಟವರು ಹಟ ಹಿಡಿದ ಹಿರಿಯರು. ಬಂಡೆಯ ಪಕ್ಕದಲ್ಲಿ ಕುಳಿತು, ಹಂದಿ ಕರಡಿಗಳಿಂದ ಆರಂಭಿಸಿ ಹುಡುಗನಿಗೆ ಶಾಸನದ ತಾತ್ಪರ್ಯ ಹೇಳಿದರು. ಮಾರ್ಗದರ್ಶಿಯೂ ಕುಳಿತು ಕೇಳಿದನು. ಇಳಿಯುವಾಗ ಅವನು ಪ್ರವಾಸದ ವೇಳಾಪಟ್ಟಿಯ ಹಿಂಬದಿಯಲ್ಲಿ ಪ್ರಭಾಚಂದ್ರ ಎಂದು ಬರೆದುಕೊಂಡು, ಅಕ್ಷರ ಸರಿಯೇ ಎಂದು ಹಿರಿಯರಿಗೆ ತೋರಿಸಿದನು.