ಹಿಡಿಯದೆ ನೆನಪಿಡುವ ಕೋಷ್ಟಕಗಳು

ಪ್ರೋಗ್ರಾಮಿಗೆ ಬೇಡವಾದ ಮೆಮೊರಿಯನ್ನು ಯಂತ್ರವೇ ಹುಡುಕಿ ಮರಳಿ ಪಡೆಯುವ ಗಾರ್ಬೇಜ್ ಕಲೆಕ್ಷನ್ ಹುಟ್ಟಿದ್ದು ಲಿಸ್ಪ್ ಭಾಷೆಯ ಜೊತೆಯಲ್ಲಿ. ಜಾನ್ ಮೆಕಾರ್ಥಿಯವರ 1960ರ ಪ್ರಬಂಧದಲ್ಲಿ ಅದರ ವಿವರಣೆ ಇದೆ. ನಿಯಮ ಸರಳ. ಪ್ರೋಗ್ರಾಮಿನ ವೇರಿಯಬಲ್‌ಗಳಿಂದ ಹೊರಟು, ಒಂದು ಆಬ್ಜೆಕ್ಟ್‌ನಿಂದ ಮತ್ತೊಂದಕ್ಕಿರುವ ಕೊಂಡಿಗಳನ್ನು ಹಿಡಿದು ಸಾಗಿದರೆ ಸಿಗುವುದೆಲ್ಲ ಜೀವಂತ. ಸಿಗದೆ ಉಳಿದದ್ದು ಕಸ. ಈ ನಿಯಮದ ತಿರುಳು ಇಂದಿಗೂ ಬದಲಾಗಿಲ್ಲ. ಅದರ ಕೊರತೆಯೂ ಮೊದಲಿನಿಂದ ಹಾಗೆಯೇ ಉಳಿದಿದೆ: ತಲುಪಬಹುದಾದದ್ದೆಲ್ಲ ಬೇಕಾದದ್ದೇ ಆಗಿರುವುದಿಲ್ಲ.

ಕೋಷ್ಟಕಗಳಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಬೇರೆ ಯಾರೋ ಬರೆದ ಲೈಬ್ರರಿಯ ಆಬ್ಜೆಕ್ಟ್ ಒಂದಕ್ಕೆ ನಮ್ಮದೊಂದು ಟಿಪ್ಪಣಿ ಸೇರಿಸಬೇಕಿದೆ ಎಂದುಕೊಳ್ಳಿ. ಅದರೊಳಗೆ ಕೈ ಹಾಕುವಂತಿಲ್ಲ. ಪಕ್ಕದಲ್ಲೊಂದು ಮ್ಯಾಪ್ ಇಟ್ಟು, ಆ ಆಬ್ಜೆಕ್ಟನ್ನೇ ಕೀ ಮಾಡಿ, ಟಿಪ್ಪಣಿಯನ್ನು ವ್ಯಾಲ್ಯೂ ಆಗಿ ಬರೆದಿಡುತ್ತೇವೆ. ಮುಂದೆ ಆ ಆಬ್ಜೆಕ್ಟ್ ಯಾರಿಗೂ ಬೇಡವಾದರೂ ನಮ್ಮ ಮ್ಯಾಪಿನ ಕೊಂಡಿ ಅದನ್ನು ಹಿಡಿದುಕೊಂಡೇ ಇರುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಯಾರ ಆಯುಸ್ಸೂ ಹೆಚ್ಚುವುದಿಲ್ಲ. ಸಾಮಾನ್ಯ ಮ್ಯಾಪಿನಲ್ಲಿ ಮಾತ್ರ ಹಾಗೆಯೇ ಆಗುತ್ತದೆ. ದಿನಗಟ್ಟಲೆ ಓಡುವ ಸರ್ವರ್‌ನಲ್ಲಿ ಇಂಥ ಮ್ಯಾಪ್ ಬೆಳೆಯುತ್ತಲೇ ಹೋಗಿ ಕೊನೆಗೆ ಮೆಮೊರಿಯನ್ನೆಲ್ಲ ನುಂಗುತ್ತದೆ.

ಇದಕ್ಕೆ ಸಿಕ್ಕ ಉತ್ತರವೇ ವೀಕ್ ರೆಫರೆನ್ಸ್. ಇದು ಆಬ್ಜೆಕ್ಟನ್ನು ತೋರಿಸುತ್ತದೆ, ಆದರೆ ಉಳಿಸಿಕೊಳ್ಳುವುದಿಲ್ಲ. ಬೇರೆ ಗಟ್ಟಿ ಕೊಂಡಿಗಳೆಲ್ಲ ಕಳಚಿದ ಮೇಲೆ ಕಲೆಕ್ಟರ್ ಆಬ್ಜೆಕ್ಟನ್ನು ತೆಗೆದು, ರೆಫರೆನ್ಸನ್ನು ಖಾಲಿ ಮಾಡುತ್ತದೆ. ಸ್ಕೀಮ್ ಮತ್ತು ಸ್ಮಾಲ್‌ಟಾಕ್ ಬಳಗಗಳು ಇದನ್ನು ಬೇಗ ಅಳವಡಿಸಿಕೊಂಡವು. 1993ರಲ್ಲಿ ಕೆಂಟ್ ಡಿಬ್ವಿಗ್ ಮತ್ತು ಸಂಗಡಿಗರು ಇದಕ್ಕೆ ಗಾರ್ಡಿಯನ್ ಎಂಬ ಜೊತೆಗಾರನನ್ನು ಕೊಟ್ಟರು: ಯಾವ ಆಬ್ಜೆಕ್ಟ್ ಕೈಬಿಟ್ಟುಹೋಯಿತು ಎಂಬುದನ್ನು ಪ್ರೋಗ್ರಾಮ್ ತನಗೆ ಅನುಕೂಲವಾದ ಸಮಯದಲ್ಲಿ ಕೇಳಿ ತಿಳಿದುಕೊಳ್ಳಬಹುದು.

ಸಾಮಾನ್ಯ ಪ್ರೋಗ್ರಾಮರ್‌ಗಳ ಕೈಗೆ ಇದನ್ನು ದೊಡ್ಡ ಪ್ರಮಾಣದಲ್ಲಿ ತಲುಪಿಸಿದ್ದು 1998ರ ಕೊನೆಯಲ್ಲಿ ಬಂದ ಜಾವಾ 1.2. ಸಾಫ್ಟ್, ವೀಕ್, ಫ್ಯಾಂಟಮ್ ಎಂದು ಮೂರು ಬಗೆ. ಮೆಮೊರಿ ಬಿಗಿಯಾದಾಗ ಮಾತ್ರ ಬಿಟ್ಟುಕೊಡುವ ಸಾಫ್ಟ್ ರೆಫರೆನ್ಸ್ ಕ್ಯಾಶ್‌ಗೆ ಹೇಳಿ ಮಾಡಿಸಿದಂತಿತ್ತು. ಬಳಕೆಯಲ್ಲಿ ಅದು ಆ ಭರವಸೆಯನ್ನು ಉಳಿಸಿಕೊಳ್ಳಲಿಲ್ಲ. ಯಾವುದನ್ನು ಉಳಿಸಿದರೆ ಲಾಭ, ಯಾವುದನ್ನು ಬಿಟ್ಟರೆ ನಷ್ಟವಿಲ್ಲ ಎಂಬುದು ಕಲೆಕ್ಟರ್‌ಗೆ ತಿಳಿಯದು. ಆಂಡ್ರಾಯ್ಡ್‌ನ ಅಧಿಕೃತ ದಾಖಲೆಗಳೇ ಕ್ಯಾಶ್‌ಗೆ ಸಾಫ್ಟ್ ರೆಫರೆನ್ಸ್ ಬೇಡ, ಮಿತಿ ಹಾಕಿದ ಎಲ್‌ಆರ್‌ಯು ಕ್ಯಾಶ್ ಬಳಸಿ ಎನ್ನುತ್ತವೆ. ಈ ಸಲಹೆ ನನಗೆ ಪೂರ್ತಿ ಒಪ್ಪಿಗೆ. ಕ್ಯಾಶ್ ಎಷ್ಟು ದೊಡ್ಡದಿರಬೇಕು ಎಂಬುದನ್ನು ಅದನ್ನು ಬರೆದವರೇ ನಿರ್ಧರಿಸಬೇಕು.

ಇದಕ್ಕಿಂತ ಆಳದ ತೊಡಕು ಜಾವಾದ ವೀಕ್‌ಹ್ಯಾಶ್‌ಮ್ಯಾಪ್‌ನಲ್ಲಿತ್ತು. ಅದರಲ್ಲಿ ಕೀ ಮಾತ್ರ ವೀಕ್; ವ್ಯಾಲ್ಯೂವನ್ನು ಮ್ಯಾಪ್ ಗಟ್ಟಿಯಾಗಿಯೇ ಹಿಡಿದಿರುತ್ತದೆ. ಒಂದು ಆಬ್ಜೆಕ್ಟ್ ಬಗೆಗಿನ ಟಿಪ್ಪಣಿ ಆ ಆಬ್ಜೆಕ್ಟನ್ನೇ ಮತ್ತೆ ಉಲ್ಲೇಖಿಸುವುದು ತೀರ ಸಹಜ. ಹಾಗಾದಾಗ ಮ್ಯಾಪ್ ವ್ಯಾಲ್ಯೂವನ್ನು ಉಳಿಸುತ್ತದೆ, ವ್ಯಾಲ್ಯೂ ಕೀಯನ್ನು ಉಳಿಸುತ್ತದೆ, ಕೀ ಇರುವುದರಿಂದ ಆ ಸಾಲು ಮ್ಯಾಪಿನಿಂದ ಕದಲುವುದಿಲ್ಲ. ವ್ಯಾಲ್ಯೂವನ್ನೂ ವೀಕ್ ಮಾಡೋಣವೆಂದರೆ ಅದನ್ನು ಹಿಡಿಯುವವರು ಬೇರೆ ಯಾರೂ ಇಲ್ಲದೆ, ಕೀ ಬದುಕಿರುವಾಗಲೇ ಮಾಯವಾಗಿಬಿಡುತ್ತದೆ. ಒಂದೊಂದೇ ಕೊಂಡಿಯನ್ನು ಗಟ್ಟಿ ಅಥವಾ ವೀಕ್ ಎಂದು ಗುರುತಿಸುವುದರಿಂದ ಈ ಗಂಟು ಬಿಡಿಸಲಾಗದು.

ಬಿಡಿಸುವ ದಾರಿ ಆ ಹೊತ್ತಿಗಾಗಲೇ ಅಚ್ಚಾಗಿತ್ತು. 1997ರ ಊಪ್ಸ್ಲಾ ಸಮ್ಮೇಳನದಲ್ಲಿ ಬ್ಯಾರಿ ಹೇಯ್ಸ್ ಎಫೆಮೆರಾನ್ ಎಂಬ ರಚನೆಯನ್ನು ವಿವರಿಸಿದರು. ಅದರ ಮೂಲ ಕಲ್ಪನೆ ಸ್ಮಾಲ್‌ಟಾಕ್ ಬಳಗದ ಜಾರ್ಜ್ ಬಾಸ್ವರ್ತ್ ಅವರದು. ಎಫೆಮೆರಾನ್ ಕೀ ಮತ್ತು ವ್ಯಾಲ್ಯೂಗಳನ್ನು ಒಂದು ಜೋಡಿಯಾಗಿ ನೋಡುತ್ತದೆ. ಕೀಯನ್ನು ಬೇರೆ ದಾರಿಯಿಂದ ತಲುಪಲು ಸಾಧ್ಯವಿದ್ದರೆ ಮಾತ್ರ ವ್ಯಾಲ್ಯೂವಿನ ಕೊಂಡಿಗೆ ಬೆಲೆ. ಕಲೆಕ್ಟರ್ ಮೊದಲು ಉಳಿದ ಕೊಂಡಿಗಳನ್ನೆಲ್ಲ ಸುತ್ತಿ ಬರುತ್ತದೆ. ಆಮೇಲೆ ಬದಿಗಿಟ್ಟ ಜೋಡಿಗಳನ್ನು ನೋಡಿ, ಕೀ ಗುರುತಾಗಿದ್ದರೆ ಅದರ ವ್ಯಾಲ್ಯೂವನ್ನೂ ಅಲ್ಲಿಂದ ಸಿಗುವುದನ್ನೂ ಗುರುತಿಸುತ್ತದೆ. ಇದರಿಂದ ಇನ್ನೊಂದು ಜೋಡಿಯ ಕೀ ಜೀವಂತವಾಗಬಹುದು. ಆದ್ದರಿಂದ ಮತ್ತೆ ನೋಡಬೇಕು, ಹೊಸದೇನೂ ಸಿಗದವರೆಗೆ. ಉಳಿದ ಜೋಡಿಗಳನ್ನು ಒಟ್ಟಿಗೇ ತೆಗೆಯಲಾಗುತ್ತದೆ. ಒಂದರ ವ್ಯಾಲ್ಯೂ ಮುಂದಿನದರ ಕೀಯಾಗಿ ಸರಪಳಿ ಬೆಳೆದರೆ ಈ ಮರುಸುತ್ತುಗಳ ವೆಚ್ಚ ಜೋಡಿಗಳ ಸಂಖ್ಯೆಯ ವರ್ಗದಷ್ಟು ಏರಬಹುದು. ಕಾಯುತ್ತಿರುವ ಜೋಡಿಗಳನ್ನು ಕೀ ಪ್ರಕಾರ ಪಟ್ಟಿ ಮಾಡಿಟ್ಟು, ಕೀ ಸಿಕ್ಕ ಕ್ಷಣವೇ ವ್ಯಾಲ್ಯೂವನ್ನು ಗುರುತಿಸಿದರೆ ಆ ಹೊರೆ ಇಳಿಯುತ್ತದೆ.

ಇಷ್ಟು ಅಚ್ಚುಕಟ್ಟಾದ ಉಪಾಯ ಹರಡಲು ಬಹಳ ಕಾಲ ಹಿಡಿಯಿತು. ಹ್ಯಾಸ್ಕೆಲ್‌ಗಾಗಿ ಸೈಮನ್ ಪೇಟನ್ ಜೋನ್ಸ್, ಸೈಮನ್ ಮಾರ್ಲೊ ಮತ್ತು ಕೋನಲ್ ಎಲಿಯಟ್ 1999ರಲ್ಲೇ ಕೀ-ವ್ಯಾಲ್ಯೂ ಜೋಡಿಯ ವೀಕ್ ಪಾಯಿಂಟರ್ ರೂಪಿಸಿದರು. ಡಾಟ್‌ನೆಟ್‌ಗೆ ಅದು ಬಂದದ್ದು 2010ರಲ್ಲಿ, ಒಕ್ಯಾಮಲ್‌ಗೆ 2016ರಲ್ಲಿ. ಬ್ರೆಜಿಲ್‌ನ ರಿಯೊದಲ್ಲಿ ಬೆಳೆದ ಲುವಾ ಭಾಷೆಯ ದಾರಿ ನನಗೆ ವಿಶೇಷವಾಗಿ ಇಷ್ಟ. 2003ರ 5.0 ಆವೃತ್ತಿಯಿಂದಲೇ ಅದರಲ್ಲಿ ವೀಕ್ ಟೇಬಲ್‌ಗಳಿದ್ದವು, ಜೊತೆಗೆ ಆ ಸುತ್ತುಕೊಂಡಿಯ ತೊಡಕೂ ಇತ್ತು. ಅಲೆಕ್ಸಾಂಡ್ರಾ ಬಾರೊಸ್ ಮತ್ತು ರೊಬೆರ್ತೊ ಯೆರುಸಲಿಮ್ಸ್ಕಿ 2008ರಲ್ಲಿ ಇದರ ಬಗ್ಗೆ ಪ್ರಬಂಧ ಬರೆದರು, 2011ರ 5.2 ಆವೃತ್ತಿಯಲ್ಲಿ ವೀಕ್ ಕೀಗಳ ಟೇಬಲ್‌ಗಳೆಲ್ಲ ಎಫೆಮೆರಾನ್ ಆದವು. ಪ್ರೋಗ್ರಾಮರ್ ಹೊಸ ಹೆಸರನ್ನಾಗಲಿ ಹೊಸ ಫಂಕ್ಷನ್ನನ್ನಾಗಲಿ ಕಲಿಯಬೇಕಾಗಲಿಲ್ಲ.

ವೀಕ್ ರೆಫರೆನ್ಸ್ ಇನ್ನೊಂದು ಪ್ರಶ್ನೆಯನ್ನೂ ಎತ್ತುತ್ತದೆ. ಕಲೆಕ್ಟರ್ ಯಾವಾಗ ಓಡುತ್ತದೆ ಎಂಬುದು ಪ್ರೋಗ್ರಾಮಿಗೆ ಕಾಣಬಾರದ ವಿಷಯ. ಖಾಲಿಯಾದ ರೆಫರೆನ್ಸ್ ಅದನ್ನು ಕಾಣಿಸಿಬಿಡುತ್ತದೆ. 2001ರ ಪೈಥಾನ್ 2.1ರಲ್ಲಿ ಬಂದ ವೀಕ್‌ರೆಫ್ ಮಾಡ್ಯೂಲ್ ಇದಕ್ಕೆ ಒಳ್ಳೆಯ ಉದಾಹರಣೆ. ಸಿಪೈಥಾನ್ ಕೊಂಡಿಗಳನ್ನು ಎಣಿಸುವುದರಿಂದ ಕೊನೆಯ ಕೊಂಡಿ ಕಳಚಿದೊಡನೆ ಆಬ್ಜೆಕ್ಟ್ ಸಾಮಾನ್ಯವಾಗಿ ಹೋಗಿಬಿಡುತ್ತದೆ. ಅದನ್ನೇ ನಂಬಿ ಬರೆದ ಕೋಡ್, ಹಾಗೆ ಎಣಿಸದ ಪೈಪೈ ಎಂಬ ಇನ್ನೊಂದು ಪೈಥಾನ್ ಅಳವಡಿಕೆಯಲ್ಲಿ ಬೇರೆಯದೇ ರೀತಿ ನಡೆಯಬಹುದು.

ಜಾವಾಸ್ಕ್ರಿಪ್ಟ್ ಸಮಿತಿ ಈ ಅಪಾಯವನ್ನು ಎಲ್ಲರಿಗಿಂತ ಗಂಭೀರವಾಗಿ ತೆಗೆದುಕೊಂಡಿತು. 2015ರ ವೀಕ್‌ಮ್ಯಾಪ್‌ನಲ್ಲಿ ಎಷ್ಟು ಸಾಲುಗಳಿವೆ ಎಂದು ಕೇಳಲಾಗದು, ಕೀಗಳನ್ನು ಒಂದೊಂದಾಗಿ ಓದಲೂ ಆಗದು. ಕೀ ಕೈಯಲ್ಲಿದ್ದವರಿಗೆ ಮಾತ್ರ ವ್ಯಾಲ್ಯೂ ಸಿಗುತ್ತದೆ. ಕೀ ಕೈಯಲ್ಲಿದೆ ಎಂದರೆ ಅದು ಜೀವಂತ ಎಂದೇ ಅರ್ಥ. ಕಲೆಕ್ಟರ್ ಓಡಿತೋ ಇಲ್ಲವೋ ಎಂಬುದು ಹೊರಗೆ ತಿಳಿಯುವುದೇ ಇಲ್ಲ. ಈ ಕ್ಷೇತ್ರದಲ್ಲಿ ನಾನು ಕಂಡ ಅತ್ಯಂತ ವಿವೇಕದ ವಿನ್ಯಾಸ ಇದು. ಬಿಡಿ ವೀಕ್ ರೆಫರೆನ್ಸ್ ಕೊಡಲು ಸಮಿತಿ ಇನ್ನೂ 6 ವರ್ಷ ತೆಗೆದುಕೊಂಡಿತು. 2021ರಲ್ಲಿ ಕೊಟ್ಟಾಗಲೂ ಒಂದು ಕಟ್ಟು ಹಾಕಿತು: ಒಮ್ಮೆ ಓದಿ ಸಿಕ್ಕ ಆಬ್ಜೆಕ್ಟ್, ಆಗ ನಡೆಯುತ್ತಿರುವ ಜಾಬ್ ಮುಗಿಯುವ ತನಕ ಕಣ್ಮರೆಯಾಗುವಂತಿಲ್ಲ.

ಆಬ್ಜೆಕ್ಟ್ ಹೋಗುವಾಗ ಅದರದೇ ಕೋಡ್ ಓಡಿಸುವ ಫೈನಲೈಸರ್‌ಗೆ ಈ ನಡುವೆ ಕಾಲ ಸರಿಯಿತು. ಅದು ಸತ್ತ ಆಬ್ಜೆಕ್ಟನ್ನು ಮತ್ತೆ ಬದುಕಿಸಬಲ್ಲದು, ಯಾವಾಗ ಓಡುತ್ತದೆಂಬ ಖಾತ್ರಿಯೂ ಇಲ್ಲ. 2022ರ ಜಾವಾ 18 ಅದನ್ನು ಮುಂದೆ ತೆಗೆದುಹಾಕುವುದಾಗಿ ಗುರುತು ಹಾಕಿತು. ಬಹುಕಾಲ ವೀಕ್ ಪಾಯಿಂಟರ್ ಇಲ್ಲದೆ ಸಾಗಿದ ಗೋ ಭಾಷೆ, ಸಮಾನ ಮೌಲ್ಯಗಳ ಒಂದೇ ಪ್ರತಿಯನ್ನು ಇಟ್ಟುಕೊಳ್ಳುವ ಯುನೀಕ್ ಪ್ಯಾಕೇಜನ್ನು 2024ರಲ್ಲಿ ಸೇರಿಸಿತು. ಮರುವರ್ಷ ಫೆಬ್ರುವರಿಯ 1.24ರಲ್ಲಿ ವೀಕ್ ಪಾಯಿಂಟರ್‌ಗಳನ್ನೂ, ಫೈನಲೈಸರ್‌ಗಿಂತ ಸುರಕ್ಷಿತವಾದ ಕ್ಲೀನಪ್ ವ್ಯವಸ್ಥೆಯನ್ನೂ ಎಲ್ಲರ ಕೈಗೆ ಕೊಟ್ಟಿತು. ಆದರೆ ಆ ವೀಕ್ ಪಾಯಿಂಟರನ್ನು ಸಾಮಾನ್ಯ ಮ್ಯಾಪಿಗೆ ಕೀ ಮಾಡಿದರೆ, ವ್ಯಾಲ್ಯೂ ತನ್ನ ಕೀಯ ಆಬ್ಜೆಕ್ಟನ್ನು ಗಟ್ಟಿಯಾಗಿ ಹಿಡಿಯದಂತೆ ಬರೆದವರೇ ಎಚ್ಚರ ವಹಿಸಬೇಕು. ಜಾವಾದ ವೀಕ್‌ಹ್ಯಾಶ್‌ಮ್ಯಾಪ್‌ನ ದಾಖಲೆಯೂ ಅದೇ ಎಚ್ಚರಿಕೆಯನ್ನು ಇಂದಿಗೂ ಕೊಡುತ್ತದೆ.