ಒಂಬತ್ತು, ಎರಡು, ಒಂದು

ಪ್ರಕೃತಿಯ ಒಂದು ಬಲದ ಸ್ವರೂಪವನ್ನು ಸಂಪೂರ್ಣವಾಗಿ ಅರಿಯುವುದಕ್ಕೆ ಮುಂಚೆಯೇ, ಆ ಬಲದಿಂದ ನಡೆಯುವ ಕ್ರಿಯೆಗಳು ಪರಸ್ಪರ ಯಾವ ಪ್ರಮಾಣದಲ್ಲಿ ಇರಬೇಕೆಂಬುದನ್ನು ನಿರ್ಣಯಿಸಬಹುದೆಂಬ ಮಾತು ಮೊದಲ ಕೇಳ್ವಿಗೆ ಅಸಂಭವವೆಂದು ತೋರುವುದು. ಆದರೆ ಮನೆತನದ ಒಟ್ಟು ಆಸ್ತಿ ಎಷ್ಟೆಂಬುದು ತಿಳಿಯದಿದ್ದರೂ, ದಾಯಾದಿಗಳ ಸಂಬಂಧವನ್ನು ಬಲ್ಲ ಧರ್ಮಶಾಸ್ತ್ರಜ್ಞನು ಅವರವರ ಪಾಲನ್ನು ಹೇಳಿಬಿಡುವಂತೆ, ಪರಮಾಣುವಿನ ಬೀಜಕೇಂದ್ರವನ್ನು ಬಿಗಿದಿಟ್ಟಿರುವ ಪ್ರಬಲ ಬಲದ ವಿಷಯದಲ್ಲಿ ಭೌತವಿಜ್ಞಾನಿಗಳು ಈ ಕಾರ್ಯವನ್ನು ಸಾಧಿಸಿದರು. ಅದಕ್ಕೆ ಅವರಿಗೆ ಒದಗಿದ ಸಾಧನವೇ ಐಸೋಸ್ಪಿನ್ ಎಂಬ ಸಮಮಿತಿ.

1932ರಲ್ಲಿ ಕೇಂಬ್ರಿಜ್ಜಿನಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದ ಕೆಲವೇ ತಿಂಗಳುಗಳಲ್ಲಿ, ಜರ್ಮನಿಯ ಹೈಸೆನ್‌ಬರ್ಗ್ ಅದನ್ನೂ ಪ್ರೋಟಾನನ್ನೂ ಒಂದೇ ಕಣದ ಎರಡು ಅವಸ್ಥೆಗಳೆಂದು ಪರಿಗಣಿಸುವ ಗಣಿತವನ್ನು ರಚಿಸಿದನು; ಐಸೋಸ್ಪಿನ್ನಿನ ಮೂಲ ಇದೇ. ಒಂದಕ್ಕೆ ವಿದ್ಯುದಾವೇಶವುಂಟು, ಮತ್ತೊಂದಕ್ಕೆ ಇಲ್ಲ. ಆದರೂ ಅವುಗಳ ದ್ರವ್ಯರಾಶಿಯಲ್ಲಿರುವ ವ್ಯತ್ಯಾಸ ಸಾವಿರದಲ್ಲಿ ಒಂದೂವರೆ ಪಾಲಿಗಿಂತ ಕಡಿಮೆ. 1936ರ ಸುಮಾರಿಗೆ ಪ್ರೋಟಾನುಗಳನ್ನು ಪ್ರೋಟಾನುಗಳೊಡನೆ ಘಟ್ಟಿಸಿ ನೋಡಿದ ಪ್ರಯೋಗಗಳು, ಬೀಜಕೇಂದ್ರದ ಬಲವು ಆವೇಶವನ್ನು ಲಕ್ಷಿಸುವುದಿಲ್ಲವೆಂಬುದನ್ನು ತೋರಿಸಿಕೊಟ್ಟವು. ಮರುವರ್ಷ ವಿಗ್ನರ್ ಈ ಸಮಮಿತಿಯನ್ನು ಇನ್ನಷ್ಟು ವಿಸ್ತರಿಸಿದನು. 1938ರಲ್ಲಿ ನಿಕೊಲಸ್ ಕೆಮ್ಮರ್, ಈ ಬಲವನ್ನು ಹೊತ್ತೊಯ್ಯುವ ಕಣಕ್ಕೆ ಧನ, ಋಣ, ತಟಸ್ಥ ಎಂಬ ಮೂರು ರೂಪಗಳೂ ಇರಲೇಬೇಕೆಂದು ಪ್ರತಿಪಾದಿಸಿದನು. ಪೈಯಾನು ಎಂದು ಹೆಸರಾದ ಆ ಕಣದ ಧನ ಮತ್ತು ಋಣ ರೂಪಗಳನ್ನು ಬ್ರಿಸ್ಟಲಿನ ಪೊವೆಲ್ ಮತ್ತು ಸಂಗಡಿಗರು 1947ರಲ್ಲಿ ಕಂಡರು. ತಟಸ್ಥ ಪೈಯಾನು 1950ರಲ್ಲಿ ಬರ್ಕ್‌ಲಿಯಲ್ಲಿ ಕೈಗೆ ಸಿಕ್ಕಿತು. ಸಮಮಿತಿಯ ಮೇಲಣ ವಿಶ್ವಾಸವೊಂದೇ ಕಾಣದ ಕಣವನ್ನು ಹನ್ನೆರಡು ವರ್ಷ ಮುಂಚಿತವಾಗಿ ಕಾಣಿಸಿತ್ತು.

ಈ ವಿಶ್ವಾಸವು ಅಂಕಿಗಳ ಪರೀಕ್ಷೆಗೆ ಒಳಗಾದದ್ದು ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ. 1951ರಲ್ಲಿ ಅಲ್ಲಿ ಕೆಲಸಕ್ಕೆ ತೊಡಗಿದ, ಪ್ರೋಟಾನುಗಳಿಗೆ 45 ಕೋಟಿ ಎಲೆಕ್ಟ್ರಾನ್ ವೋಲ್ಟುಗಳ ಶಕ್ತಿಯನ್ನು ತುಂಬಬಲ್ಲ ಸಿಂಕ್ರೊಸೈಕ್ಲೊಟ್ರಾನಿನಿಂದ ಪೈಯಾನುಗಳ ಧಾರೆಯನ್ನು ಪಡೆದು, ಎನ್ರಿಕೊ ಫರ್ಮಿ, ಹರ್ಬರ್ಟ್ ಆಂಡರ್ಸನ್ ಮತ್ತು ಅವರ ಸಹೋದ್ಯೋಗಿಗಳು ದ್ರವ ಹೈಡ್ರೊಜನ್ನಿನ ಪ್ರೋಟಾನುಗಳ ಮೇಲೆ ಅದನ್ನು ಹಾಯಿಸಿದರು. ಋಣ ಪೈಯಾನಿಗೆ ಎರಡು ದಾರಿಗಳಿವೆ: ತಾನು ತಾನಾಗಿಯೇ ಚದರಿಹೋಗಬಹುದು, ಇಲ್ಲವೆ ಪ್ರೋಟಾನಿನೊಡನೆ ಆವೇಶವನ್ನು ವಿನಿಮಯ ಮಾಡಿಕೊಂಡು ತಟಸ್ಥ ಪೈಯಾನು ಮತ್ತು ನ್ಯೂಟ್ರಾನುಗಳಾಗಿ ಪರಿಣಮಿಸಬಹುದು. ಧನ ಪೈಯಾನಿಗಾದರೋ ದಾರಿ ಒಂದೇ. ಎರಡು ದಾರಿಗಳುಳ್ಳದ್ದೇ ಹೆಚ್ಚು ಚದರಬೇಕೆಂದು ಯಾರಿಗಾದರೂ ತೋರುವಂತಿರುವಾಗ, ಪ್ರಯೋಗದಲ್ಲಿ ಧನ ಪೈಯಾನೇ ಬಹುಪಾಲು ಅಧಿಕವಾಗಿ ಚದರಿತು.

ಈ ವಿಪರ್ಯಾಸವನ್ನು ಬಿಡಿಸಿದ್ದು ಭೌತವಿಜ್ಞಾನಿ ಬ್ರೂಕ್ನರನ ಸೂಚನೆ. ಮೂರು ರೂಪಗಳುಳ್ಳ ಪೈಯಾನಿನ ಐಸೋಸ್ಪಿನ್ ಸಂಖ್ಯೆ 1, ಎರಡು ಅವಸ್ಥೆಗಳಲ್ಲೊಂದಾದ ಪ್ರೋಟಾನಿನದು 1/2. ಕೂಡಿದಾಗ ಫಲ 3/2 ಆಗಬಹುದು ಅಥವಾ 1/2 ಆಗಬಹುದು. 3/2ರ ಸ್ಥಿತಿಯೊಂದೇ ಪ್ರಬಲವಾಗಿದೆ ಎಂದಿಟ್ಟುಕೊಳ್ಳೋಣ. ಧನ ಪೈಯಾನು ಮತ್ತು ಪ್ರೋಟಾನುಗಳ ಜೋಡಿ ಯಾವ ಬೆರಕೆಯೂ ಇಲ್ಲದೆ ಆ ಸ್ಥಿತಿಗೇ ಸೇರಿದ್ದು. ಅದರ ಪಾಲು 1. ಋಣ ಪೈಯಾನು ಮತ್ತು ಪ್ರೋಟಾನುಗಳ ಜೋಡಿಯಲ್ಲಿ ಆ ಸ್ಥಿತಿಯ ಅಂಶ ಮೂರರಲ್ಲಿ ಒಂದು ಮಾತ್ರ. ಹಾಗೆ ಉಂಟಾದ ಸ್ಥಿತಿ ಮತ್ತೆ ಒಡೆಯುವಾಗ ಋಣ ಪೈಯಾನಾಗಿ ಹೊರಬೀಳುವ ಸಂಭವ ಮೂರರಲ್ಲಿ ಒಂದು, ತಟಸ್ಥ ಪೈಯಾನಾಗಿ ಹೊರಬೀಳುವ ಸಂಭವ ಮೂರರಲ್ಲಿ ಎರಡು. ಗುಣಿಸಿದರೆ 1/9 ಮತ್ತು 2/9. ಧನ ಪೈಯಾನಿನ ಚದರಿಕೆ, ಆವೇಶದ ವಿನಿಮಯ, ಋಣ ಪೈಯಾನಿನ ಚದರಿಕೆ, ಈ ಮೂರೂ 9:2:1ರ ಪ್ರಮಾಣದಲ್ಲಿರಬೇಕು. ಅಂದರೆ ಧನ ಪೈಯಾನಿನ ಮೊತ್ತ ಋಣದ ಮೊತ್ತಕ್ಕೆ ಮೂರರಷ್ಟು. ಈ ಲೆಕ್ಕದಲ್ಲಿ ಪ್ರಬಲ ಬಲದ ಸೂತ್ರವೇ ಇಲ್ಲ, ಇರುವುದು ಸಮಮಿತಿ ಮಾತ್ರ. ಅಳತೆಗಳು ಅದರತ್ತಲೇ ಬಂದು ನಿಂತವು: ಡೆಲ್ಟಾ ಎಂದು ಹೆಸರಾದ ಈ ಅಲ್ಪಾಯುಷಿ ಸ್ಥಿತಿಯ ಶಿಖರದಲ್ಲಿ ಚದರಿಕೆಯ ಅಳತೆ ಧನ ಪೈಯಾನಿಗೆ ಸುಮಾರು 200 ಮಿಲಿಬಾರ್ನ್, ಋಣಕ್ಕೆ ಸುಮಾರು 70.

ಅಂದಿನಿಂದ ಕಣಗಳ ಕ್ಷಯವನ್ನು ಐಸೋಸ್ಪಿನ್ನಿನಿಂದ ತೂಗಿನೋಡುವುದು ಈ ವೃತ್ತಿಯವರ ಸಂಪ್ರದಾಯವೇ ಆಗಿಹೋಯಿತು. ದುರ್ಬಲ ಬಲದಿಂದ ಕ್ಷಯಿಸುವ ವಿಲಕ್ಷಣ ಕಣಗಳು ಐಸೋಸ್ಪಿನ್ನನ್ನು ಉಳಿಸಿಕೊಳ್ಳುವುದಿಲ್ಲವಾದರೂ, ಅಲ್ಲಿಯೂ ಅದರ ಬದಲಾವಣೆ 1/2ರಷ್ಟೇ ಇರುವುದೆಂಬ ನಿಯಮವನ್ನು 1954ರಲ್ಲಿ ಗೆಲ್‌ಮನ್ ಮತ್ತು ಪೈಸ್ ಮುಂದಿಟ್ಟರು. ಆ ನಿಯಮದಂತೆ ಲ್ಯಾಂಬ್ಡಾ ಎಂಬ ವಿಲಕ್ಷಣ ಕಣವು ಪ್ರೋಟಾನು ಹಾಗೂ ಋಣ ಪೈಯಾನಾಗಿ ಒಡೆಯುವುದು, ನ್ಯೂಟ್ರಾನು ಹಾಗೂ ತಟಸ್ಥ ಪೈಯಾನಾಗಿ ಒಡೆಯುವುದರ ಎರಡರಷ್ಟಿರಬೇಕು. ಅಳತೆಯಲ್ಲಿ ಅವು ನೂರರಲ್ಲಿ 64 ಮತ್ತು 36. ಕೇಯಾನು ಮತ್ತೊಂದು ವಿಲಕ್ಷಣ ಕಣ; ಅಲ್ಪಾಯುಷಿಯಾದ ತಟಸ್ಥ ಕೇಯಾನು ಎರಡು ಪೈಯಾನುಗಳಾಗಿ ಒಡೆಯುವ ವೇಗವು, ಧನ ಕೇಯಾನು ಹಾಗೆ ಒಡೆಯುವ ವೇಗಕ್ಕಿಂತ 600 ಪಟ್ಟಿಗೂ ಹೆಚ್ಚು: ಧನ ಕೇಯಾನಿನಿಂದ ಹುಟ್ಟುವ ಪೈಯಾನುಗಳ ಜೋಡಿಯ ಐಸೋಸ್ಪಿನ್ 2 ಆಗಿರಬೇಕಾದುದರಿಂದ, ಆ ನಿಯಮ ಅಂಥ ಕ್ಷಯಕ್ಕೆ ದಾರಿಯನ್ನೇ ಕೊಡುವುದಿಲ್ಲ.

ದಾರಿಯಿಲ್ಲವೆಂದ ಮೇಲೂ ಆ ಕ್ಷಯ ಮೆಲ್ಲನೆಯಾದರೂ ನಡೆದೇ ತೀರುವುದು. ಒಮೆಗಾ ಎಂಬ ಮೆಸಾನು ಎರಡು ಪೈಯಾನುಗಳಾಗಿ ಒಡೆಯುವುದನ್ನು ಐಸೋಸ್ಪಿನ್ ನಿಷೇಧಿಸಿದ್ದರೂ ನೂರರಲ್ಲಿ ಸುಮಾರು ಒಂದೂವರೆ ಬಾರಿ ಹಾಗೆ ಆಗುವುದುಂಟು. ಏಕೆಂದರೆ ಈ ಕಣಗಳ ಒಳಗಿರುವ ಅಪ್ ಮತ್ತು ಡೌನ್ ಎಂಬ ಕ್ವಾರ್ಕುಗಳ ದ್ರವ್ಯರಾಶಿಗಳು ಸಮವಲ್ಲ. ಮೇಲಾಗಿ ವಿದ್ಯುತ್ಕಾಂತ ಬಲಕ್ಕೆ ಆವೇಶವೇ ಸರ್ವಸ್ವ. ಈ ಸಮಮಿತಿ ಅಪೂರ್ಣವೆಂಬುದನ್ನು ಯಾರೂ ಮರೆಮಾಚಲಿಲ್ಲ. ಅಪೂರ್ಣತೆಯ ಪ್ರಮಾಣವನ್ನೂ ಬಲ್ಲವರಾದುದರಿಂದಲೇ ಅದನ್ನು ನೆಚ್ಚಿದರು. 1990ರಲ್ಲಿ ಗ್ರೋನಾವ್ ಮತ್ತು ಲಂಡನ್ ಎಂಬಿಬ್ಬರು ಬಿ ಮೆಸಾನು ಎರಡು ಪೈಯಾನುಗಳಾಗುವ ಮೂರು ಬಗೆಯ ಕ್ಷಯಗಳನ್ನು ಐಸೋಸ್ಪಿನ್ನಿನ ತ್ರಿಕೋನದಲ್ಲಿ ಜೋಡಿಸಿ, ದ್ರವ್ಯ ಮತ್ತು ಪ್ರತಿದ್ರವ್ಯಗಳ ಭೇದವನ್ನು ಅಳೆಯುವ ಮಾರ್ಗವನ್ನು ತೋರಿಸಿದರು. ಮುಂದೆ ಸ್ಟ್ಯಾನ್‌ಫರ್ಡಿನ ಬಾಬರ್ ಮತ್ತು ಜಪಾನಿನ ತ್ಸುಕುಬಾದ ಬೆಲ್ಲೆ ಪ್ರಯೋಗಗಳು ಆ ಮಾರ್ಗದಲ್ಲಿ ನಡೆದವು. ಬಲದ ಸಮೀಕರಣವನ್ನು ಬಿಡಿಸುವುದು ಇಂದಿಗೂ ಮಹಾಯಂತ್ರಗಳ ಶ್ರಮವನ್ನು ಬೇಡುವ ಕಾರ್ಯ. ಎರಡು ಕ್ಷಯಗಳ ಪ್ರಮಾಣವನ್ನು ಹೇಳುವುದಕ್ಕೆ ಮಾತ್ರ ಒಂದು ಹಾಳೆ ಸಾಕು. ಪ್ರಮಾಣವು ಹೊಂದಿದರೆ ಸಮಮಿತಿ ನಿಂತಿತು. ಹೊಂದದಿದ್ದರೆ ಎಷ್ಟು ತಪ್ಪಿತೋ ಅಷ್ಟರಲ್ಲಿಯೇ ಮುಂದೆ ಹುಡುಕಬೇಕಾದ ಕಾರಣವೂ ಅಡಗಿರುವುದು.