ಬಸ್: ಮಂಗಳೂರಿನಲ್ಲಿ ಒಂದು ಪದದ ಬಳಕೆ

ಬಸ್. ಟಿಕೆಟ್ ಹಣ ಪಡೆದು ಜನರನ್ನು ಊರಿಂದೂರಿಗೆ ಒಯ್ಯುವ ದೊಡ್ಡ ಮೋಟಾರು ವಾಹನಕ್ಕೆ ಕನ್ನಡ, ತುಳು, ಕೊಂಕಣಿ, ಬ್ಯಾರಿ ನಾಲ್ಕರಲ್ಲೂ ನೆಲೆಯಾದ ಇಂಗ್ಲಿಷ್ ಪದ. ಬರಹದಲ್ಲಿ ಬಸ್, ಬಸ್ಸು ಎರಡೂ ರೂಪಗಳಿವೆ. ಮಂಗಳೂರಿನಲ್ಲಿ, ಅದರಲ್ಲೂ ಸರ್ಕಾರಿ ಬಸ್ ನಿಲ್ದಾಣವಿರುವ ಬಿಜೈಯಲ್ಲಿ, ಈ ಪದ ಒಂಟಿಯಾಗಿ ಬರುವುದು ಕಡಿಮೆ. ಸಿಟಿ ಬಸ್, ಸರ್ವಿಸ್ ಬಸ್, ಎಕ್ಸ್‌ಪ್ರೆಸ್, ಸರ್ಕಾರಿ ಬಸ್ ಎಂದು ಬಿಡಿಸಿ ಹೇಳದಿದ್ದರೆ ಕೇಳಿದವರು "ಯಾವ ಬಸ್ಸು?" ಎಂದು ಮರುಪ್ರಶ್ನೆ ಹಾಕುತ್ತಾರೆ. ಕರಾವಳಿಯ ಸಾರಿಗೆಯನ್ನು ಕುರಿತ ಬರಹಗಳು ಸಾಮಾನ್ಯವಾಗಿ ಕಂಪನಿ, ದಾರಿ, ಪರ್ಮಿಟ್ಟುಗಳ ಸುತ್ತ ಸಾಗುತ್ತವೆ. ಪದದ ಜಾಡು ಬೇರೆ. ವಾಹನ ಬಂದ ವರ್ಷವನ್ನೇ ಪದ ಬಂದ ವರ್ಷವೆಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಪದದ ಹುಟ್ಟು

ಲ್ಯಾಟಿನ್ನಿನ 'ಓಮ್ನಿಬಸ್' ಎಂದರೆ 'ಎಲ್ಲರಿಗೂ'. ಫ್ರಾನ್ಸಿನ ನಾಂತ್ ಪಟ್ಟಣದಲ್ಲಿ ಸ್ತಾನಿಸ್ಲಾಸ್ ಬೋದ್ರಿ ಎಂಬಾತ 1826ರ ಸುಮಾರಿಗೆ ಓಡಿಸಿದ ಕುದುರೆಗಾಡಿಗೆ ಈ ಹೆಸರು ಅಂಟಿತು. ಗಾಡಿ ನಿಲ್ಲುತ್ತಿದ್ದ ಕಡೆ ಓಮ್ನೆಸ್ ಎಂಬ ಟೋಪಿ ವ್ಯಾಪಾರಿಯ ಅಂಗಡಿಯಿತ್ತು, ಅವನ ಫಲಕದಲ್ಲಿ 'ಓಮ್ನೆಸ್ ಓಮ್ನಿಬಸ್' ಎಂದಿತ್ತು, ಹೆಸರು ಅಲ್ಲಿಂದ ಬಂತು ಎಂಬ ಕಥೆಯನ್ನು ಹಲವು ಪುಸ್ತಕಗಳು ಎತ್ತಿಕೊಂಡಿವೆ. ಅದಕ್ಕೆ ಗಟ್ಟಿ ದಾಖಲೆಯಿಲ್ಲ. ಕಥೆಯಾಗಿ ಚೆಂದ, ಪುರಾವೆಯಾಗಿ ದುರ್ಬಲ. ಜಾರ್ಜ್ ಶಿಲಿಬಿಯರ್ 1829ರಲ್ಲಿ ಲಂಡನ್ನಿನಲ್ಲಿ ಓಮ್ನಿಬಸ್ ಓಡಿಸಿದ ಮೇಲೆ, ಕೆಲವೇ ವರ್ಷಗಳಲ್ಲಿ ಇಂಗ್ಲಿಷರ ಬಾಯಲ್ಲಿ ಪದದ ತಲೆ ಉದುರಿ ಬಾಲವಷ್ಟೇ ಉಳಿಯಿತು.

ಆ ಬಾಲ ಒಂದು ವಿಭಕ್ತಿ ಪ್ರತ್ಯಯ. ಕನ್ನಡ ಓದುಗರಿಗೆ ಇದು ಅಷ್ಟೇನೂ ಅಪರಿಚಿತವಲ್ಲ. ಲ್ಯಾಟಿನ್ನಿನ 'ಬಸ್' ಮತ್ತು ಸಂಸ್ಕೃತದ ಚತುರ್ಥೀ ಬಹುವಚನದ 'ಭ್ಯಃ' ಒಂದೇ ಬೇರಿನವು. 'ಸರ್ವೇಭ್ಯಃ' ಎಂಬಲ್ಲಿರುವ ಕೊನೆಯ ತುಣುಕೇ ರಸ್ತೆಯ ಮೇಲೆ ಓಡುತ್ತಿದೆ ಎನ್ನಬಹುದು. ಕನ್ನಡದಲ್ಲಿ 'ಬಸ್ಸಿಗೆ' ಎಂದಾಗ ಲ್ಯಾಟಿನ್ ಚತುರ್ಥಿಯ ಬೆನ್ನಿಗೆ ಕನ್ನಡದ ಚತುರ್ಥಿ ಸೇರುತ್ತದೆ.

ಮಂಗಳೂರಿಗೆ ಬಂದದ್ದು

ಫರ್ಡಿನೆಂಡ್ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದದ್ದು 1894ರಲ್ಲಿ. ಆಗ ಈ ಊರಿನ ಗಾಡಿಗಳಿಗೆಲ್ಲ ಎತ್ತು, ಕುದುರೆಗಳೇ ಗತಿ. ವಾಹನದ ಅರ್ಥದ ಬಸ್ಸಿಗೆ ಆ ನಿಘಂಟಿನಲ್ಲಿ ಜಾಗ ಇರುವಂತಿರಲಿಲ್ಲ. 1907ರಲ್ಲಿ ರೈಲು ಮಂಗಳೂರು ಮುಟ್ಟಿತು, ಅದೂ ತೆಂಕಣ ಮಲಬಾರಿನ ಕಡೆಯಿಂದ. ಘಟ್ಟದ ಮೇಲಿನ ಹಾಸನದಿಂದ ರೈಲು ಇಳಿದು ಬರಲು 1979ರವರೆಗೆ ಕಾಯಬೇಕಾಯಿತು. ನಡುವಿನ ಆ ಏಳು ದಶಕ ಘಟ್ಟ, ಹೊಳೆ, ಕಡವುಗಳ ಈ ಜಿಲ್ಲೆಯ ಓಡಾಟದ ದೊಡ್ಡ ಹೊರೆಯನ್ನು ಹೊತ್ತದ್ದು ರಸ್ತೆಯ ವಾಹನಗಳು.

1914ರಲ್ಲಿ ಆರಂಭವಾದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿಯನ್ನು, ಜನರ ಬಾಯಲ್ಲಿ ಸಿಪಿಸಿಯನ್ನು, ಜಿಲ್ಲೆಯ ಬಸ್ ಉದ್ಯಮದ ಮೊದಲ ಹೆಜ್ಜೆಯೆಂದು ಎಣಿಸುವುದು ರೂಢಿ. ಆದರೆ ಹೆಸರನ್ನು ಗಮನಿಸಬೇಕು: 'ಕನ್ವೇಯನ್ಸ್' ಇದೆ, 'ಬಸ್' ಇಲ್ಲ. ಮುಂದೆ ಹೆಸರುವಾಸಿಯಾದ ಶಂಕರ್ ವಿಠಲ್ ಮೋಟಾರ್ ಕಂಪನಿ, ಹನುಮಾನ್ ಟ್ರಾನ್ಸ್‌ಪೋರ್ಟ್ ಕಂಪನಿಗಳ ಫಲಕಗಳಲ್ಲೂ ಅದೇ ಕಥೆ: ಒಂದರಲ್ಲಿ ಮೋಟಾರ್, ಇನ್ನೊಂದರಲ್ಲಿ ಟ್ರಾನ್ಸ್‌ಪೋರ್ಟ್. ಹಳಬರ ಮಾತಿನಲ್ಲೂ 'ಮೋಟಾರು' ಎಂದರೆ ಜನ ಕೂರುವ ದೊಡ್ಡ ಗಾಡಿಯೇ. "ಮೋಟಾರಿಗೆ ಹೊತ್ತಾಯಿತು" ಎಂದು ಹೊರಡುತ್ತಿದ್ದ ಅಜ್ಜಂದಿರನ್ನು ಕಂಡವರು ಇನ್ನೂ ಇದ್ದಾರೆ. 'ಬಸ್ಸು' ಗೆದ್ದದ್ದು ನಿಧಾನವಾಗಿ. ಮೋಟಾರು ಎಂಬ ಒಂದೇ ಪದ ಕಾರು, ಲಾರಿ, ಬಾವಿಯ ಪಂಪು ಎಲ್ಲಕ್ಕೂ ಹಂಚಿಹೋದಾಗ ಬೇರೆ ಹೆಸರಿನ ಅಗತ್ಯ ಬಿದ್ದಿರಬೇಕೆಂದು ಊಹಿಸಬಹುದು. ಅಚ್ಚಗನ್ನಡ ಪದ ಯಾವುದೂ ಈ ಜಾಗ ಹಿಡಿಯಲಿಲ್ಲ. ಸಾರಿಗೆ, ನಿಲ್ದಾಣ, ತಂಗುದಾಣಗಳನ್ನು ಕನ್ನಡ ಪ್ರೀತಿಯಿಂದ ಕಟ್ಟಿಕೊಂಡಿತು. ವಾಹನದ ಹೆಸರು ಮಾತ್ರ ಬಂದಂತೆಯೇ ಉಳಿಯಿತು.

ರೂಪ, ವ್ಯಾಕರಣ, ಸಮಧ್ವನಿ

ಕನ್ನಡ ಈ ಪದವನ್ನು ತನ್ನ ಹದಕ್ಕೆ ತಂದುಕೊಂಡ ಬಗೆ ಪೆನ್ನು, ಚೆಕ್ಕುಗಳದ್ದೇ. ಕೊನೆಯ ವ್ಯಂಜನ ಇಮ್ಮಡಿಸಿ ಉಕಾರ ಬಂತು. ಬಸ್ಸು, ಬಸ್ಸಿನಲ್ಲಿ, ಬಸ್ಸುಗಳು. ಸ್ಟ್ಯಾಂಡ್ ಜೊತೆ ಸೇರಿದಾಗ ಮಾತ್ರ ಆ ಇಮ್ಮಡಿ ಕರಗಿ, ಆಡುಮಾತಿನಲ್ಲಿ 'ಬಸ್ಟ್ಯಾಂಡು' ಎಂಬ ಒಂದೇ ಪದವಾಗುತ್ತದೆ. ತುಳುವಿನಲ್ಲಿ 'ಬಸ್ಸ್‌ಡ್ ಬತ್ತೆ' ಎಂದರೆ ಬಸ್ಸಿನಲ್ಲಿ ಬಂದೆ.

ಬಿಜೈಯಂಥ ಕಡೆ ಇದೇ ಉಚ್ಚಾರ ಬೇರೆ ಅರ್ಥಗಳಲ್ಲೂ ಕಿವಿಗೆ ಬೀಳುತ್ತದೆ. ಇಲ್ಲಿನ ಸಂತ ಫ್ರಾನ್ಸಿಸ್ ಕ್ಸೇವಿಯರ್ ಚರ್ಚಿನ ಸುತ್ತ ಆಡುವ ಕ್ರೈಸ್ತರ ಕೊಂಕಣಿಯಲ್ಲಿ 'ಬಸ್' ಎಂದರೆ 'ಕೂತುಕೋ'. ಹಿಂದೂಸ್ಥಾನಿಯಿಂದ ಬಂದ ಪಾರಸಿ ಮೂಲದ 'ಬಸ್' ಎಂದರೆ 'ಸಾಕು'. ಹಳೇ ಮೈಸೂರಿನ ಬಸ್ಸಾರು, ಕರಾವಳಿಯ ಬಸಳೆ ಎರಡಕ್ಕೂ ವಾಹನದ ಬಸ್ಸಿನೊಂದಿಗೆ ನೆಂಟಸ್ತಿಕೆಯಿಲ್ಲ. ನಿಜವಾದ ನೆಂಟ ಇರುವುದು ವಿದ್ಯುತ್ತಿನ ಲೋಕದಲ್ಲಿ. ಹಲವು ತಂತಿಗಳಿಗೆ ಒಟ್ಟಾಗಿ ವಿದ್ಯುತ್ ಹಂಚುವ ಲೋಹದ ಪಟ್ಟಿಗೆ ಎಂಜಿನಿಯರುಗಳು ಮೊದಲು ಓಮ್ನಿಬಸ್ ಬಾರ್ ಎಂದರು, ಆಮೇಲೆ ಬಸ್‌ಬಾರ್ ಎಂದರು: ಎಲ್ಲ ತಂತಿಗಳಿಗೂ ಒಂದೇ ದಾರಿ. ಗಣಕಯಂತ್ರದ 'ಬಸ್', ಫೋನಿಗೆ ಚುಚ್ಚುವ ಯುಎಸ್‌ಬಿಯ ಕೊನೆಯ ಅಕ್ಷರ, ಎರಡೂ ಅದೇ ಕೊಂಬೆಯವು. ಮಂಗಳೂರು ವಿದ್ಯುತ್ ಸರಬರಾಜು ಕಂಪನಿಯ ಪ್ರಧಾನ ಕಚೇರಿಯೂ ಬಿಜೈಯಲ್ಲೇ ಇರುವುದರಿಂದ, ಈ ಪದದ ಎರಡು ಅರ್ಥಗಳನ್ನು ದಿನವೂ ಬಳಸುವವರು ಒಂದೇ ರಸ್ತೆಯಲ್ಲಿ ಓಡಾಡುತ್ತಾರೆ.

ನುಡಿಗಟ್ಟಿನ ವಿಷಯದಲ್ಲಿ ರೈಲು ಬಸ್ಸನ್ನು ಹಿಂದೆ ಹಾಕಿದೆ. ಬುರುಡೆ ಹೊಡೆಯುವವನು 'ರೈಲು ಬಿಡುತ್ತಾನೆ'. ಬಸ್ಸಿಗೆ ದಕ್ಕಿದ್ದು 'ಬಸ್ ಮಿಸ್ಸಾಯಿತು' ಎಂಬ, ಇಂಗ್ಲಿಷಿನಿಂದ ಹಾಗೇ ಎತ್ತಿಕೊಂಡ ಮಾತಷ್ಟೇ.

'ಸ್ಟೇಟ್ ಬ್ಯಾಂಕ್'

ಮಂಗಳೂರಿಗೆ ಹೊಸಬರಾಗಿ ಬಂದವರನ್ನು ಗೊಂದಲಕ್ಕೆ ಕೆಡಹುವ ಬಳಕೆಯಿದು. ಬಿಜೈ ಸ್ಟಾಪಿನಲ್ಲಿ ನಿಂತವರ ಮುಂದೆ, ಕುಂಟಿಕಾನ ಕಡೆಯಿಂದ ಬಂದ ಸಿಟಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಂಡಕ್ಟರ್ ಮೆಟ್ಟಿಲಲ್ಲಿ ಜೋತು "ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್" ಎಂದು ಕೂಗುತ್ತಾನೆ. ಹತ್ತಿದವರಿಗೆ "ದುಂಬು ಪೋಲೆ" ಎನ್ನುತ್ತಾನೆ, ಮುಂದೆ ಹೋಗಿ ಎಂದು. ಬ್ಯಾಂಕಿನಲ್ಲಿ ಕೆಲಸವಿರುವವರು ಆ ಬಸ್ಸಿನಲ್ಲಿ ಒಬ್ಬಿಬ್ಬರೂ ಇರಲಿಕ್ಕಿಲ್ಲ. ನೆಹರೂ ಮೈದಾನದ ಬಳಿಯ ಖಾಸಗಿ ಬಸ್ಸುಗಳ ನಿಲ್ದಾಣಕ್ಕೆ ಊರು ಇಟ್ಟುಕೊಂಡ ಹೆಸರೇ ಅದು.

ಈ ಹೆಸರಿನ ವಯಸ್ಸಿಗೆ ಒಂದು ಮೇರೆ ಹಾಕಲು ಸಾಧ್ಯ. ಬ್ಯಾಂಕ್ ಆಫ್ ಮದ್ರಾಸ್ ಮಂಗಳೂರಿನಲ್ಲಿ ಶಾಖೆ ತೆರೆದದ್ದು 1868ರಲ್ಲಿ. ಅದು 1921ರಲ್ಲಿ ಇಂಪೀರಿಯಲ್ ಬ್ಯಾಂಕಿನಲ್ಲಿ ಸೇರಿತು. ಇಂಪೀರಿಯಲ್ ಬ್ಯಾಂಕು 1955ರ ಜುಲೈ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಆಯಿತು. ಹಾಗಾಗಿ ಜಾಗದ ಹೆಸರು 1955ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ಹಂಪನಕಟ್ಟೆಯ 'ಹಳೆ ಬಸ್ ಸ್ಟ್ಯಾಂಡ್' ಎಂಬ ಹೆಸರೂ ಇದೇ ಬಗೆಯ ಸಾಕ್ಷಿ: ಬಸ್ಸು ಅಲ್ಲಿಂದ ಎದ್ದುಹೋದ ಮೇಲೂ ಪದ ಅಲ್ಲೇ ಕೂತಿದೆ. ಊರಿನ ಸಾರಿಗೆಯ ಚರಿತ್ರೆ ಬರೆಯುವವರು ಕಡತಗಳಷ್ಟೇ ಶ್ರದ್ಧೆಯಿಂದ ಕಂಡಕ್ಟರರ ಕೂಗನ್ನೂ ಬರೆದಿಟ್ಟುಕೊಳ್ಳಬೇಕು ಎನ್ನುವುದು ಇದಕ್ಕೇ.

ಸರ್ಕಾರಿ, ಖಾಸಗಿ, ಮತ್ತು ಬಿಜೈ

ಮೈಸೂರು ಸಂಸ್ಥಾನದಲ್ಲಿ ಸರ್ಕಾರವೇ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳಿಂದ ಸಾರಿಗೆ ಇಲಾಖೆ ಶುರುಮಾಡಿತು. ದಕ್ಷಿಣ ಕನ್ನಡ ಆಗ ಮದರಾಸಿಗೆ ಸೇರಿತ್ತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬರುವ ಹೊತ್ತಿಗೆ ಇಲ್ಲಿ ನಾಲ್ಕು ದಶಕ ಪಳಗಿದ ಖಾಸಗಿ ಬಸ್ಸಿನವರು ಇದ್ದರು. ಹಳೇ ಮೈಸೂರಿನ ಹಲವು ಊರುಗಳಲ್ಲಿ 'ಬಸ್ಸು' ಎಂದರೆ ತಾನಾಗಿ ಸರ್ಕಾರಿ ಬಸ್ಸು. ಮಂಗಳೂರಿನಲ್ಲಿ 'ಬಸ್ಸು' ಎಂದರೆ ಮೊದಲಿಗೆ ನೆನಪಾಗುವುದು ಖಾಸಗಿ. 'ಸರ್ಕಾರಿ' ಎಂಬ ವಿಶೇಷಣ ಇಲ್ಲಿ ಬೇಕಾದದ್ದು ಈ ಕಾರಣಕ್ಕೆ.

ಆ ಸರ್ಕಾರಿ ಬಸ್ಸಿನ ಮನೆ ಬಿಜೈ. ಕರ್ನಲ್ ವಿ. ಆರ್. ಮಿರಾಜ್ಕರ್ ತಾಯಿಯ ನೆನಪಿಗೆ ಬಿಟ್ಟುಕೊಟ್ಟ, ಹಡಗಿನ ಆಕಾರದ ಬಂಗಲೆಯಲ್ಲಿ 1960ರಿಂದ ಇರುವ ಶ್ರೀಮಂತಿ ಬಾಯಿ ಸ್ಮಾರಕ ವಸ್ತುಸಂಗ್ರಹಾಲಯ ಇದೇ ನಿಲ್ದಾಣದ ನೆರೆಯಲ್ಲಿದೆ; ದಾರಿ ಹೇಳುವವರು ಮಾತ್ರ ಮ್ಯೂಸಿಯಂ ಗುರುತು ಹೇಳದೆ "ಕೆಎಸ್ಸಾರ್ಟಿಸಿ ಹತ್ತಿರ" ಎನ್ನುತ್ತಾರೆ. ಬಸ್ಸುಗಳ ಮೈಮೇಲೆ ಬರೆದ 'ಕ.ರಾ.ರ.ಸಾ.ನಿಗಮ'ವನ್ನು ಹಾಗೇ ಉಚ್ಚರಿಸುವವರು ಅಪರೂಪ. ಒಂದು ಸಂಸ್ಥೆಯ ಇಂಗ್ಲಿಷ್ ಹ್ರಸ್ವರೂಪ ಹೀಗೆ ಜಾಗದ ಹೆಸರಾಯಿತು.

ಈ ಹ್ರಸ್ವರೂಪ ಯಾರದು ಎಂಬ ಜಗಳ ಇತ್ತೀಚಿನದು, ದಾಖಲೆ ಇರುವಂಥದು. ಮೈಸೂರಿನ ಸಾರಿಗೆ ನಿಗಮ 1961ರ ಆಗಸ್ಟ್ 1ರಂದು ರೂಪುಗೊಂಡಿತಾದರೂ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೆ ಮುಂಚೆ 'ಕೆ' ಅಕ್ಷರಕ್ಕೆ ಇಲ್ಲಿ ಆಧಾರವಿರಲಿಲ್ಲ. ಕೇರಳದ ನಿಗಮ ಅದೇ ಐದಕ್ಷರಗಳೊಂದಿಗೆ 1965ರಲ್ಲೇ ಹುಟ್ಟಿತ್ತು. 2013ರಲ್ಲಿ ಕರ್ನಾಟಕ ಆ ಹೆಸರನ್ನು ಟ್ರೇಡ್‌ಮಾರ್ಕಾಗಿ ನೋಂದಾಯಿಸಿಕೊಂಡಾಗ ಕೇರಳ ತಕರಾರು ಎತ್ತಿತು. 2021ರ ಜೂನ್‌ನಲ್ಲಿ ಹೆಸರು ಕೇರಳಕ್ಕೇ ಸಿಕ್ಕಿತೆಂಬ ಸುದ್ದಿ ಹಬ್ಬಿ, ಕರ್ನಾಟಕದ ಬಸ್ಸುಗಳು ಹೆಸರು ಬದಲಿಸಬೇಕಾದೀತೆಂಬ ಚರ್ಚೆ ನಡೆಯಿತು. 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ತಳ್ಳಿಹಾಕಿತು. ಕರ್ನಾಟಕದ ಬಸ್ಸುಗಳ ಮೇಲಿನ ಹೆಸರು ಹಾಗೇ ಉಳಿಯಿತು.

ಕಾಸರಗೋಡಿನ ಕನ್ನಡಿಗರು ನ್ಯಾಯಾಲಯಕ್ಕೆ ಎಷ್ಟೋ ಮುಂಚೆ ಈ ತೊಡಕು ಬಿಡಿಸಿಕೊಂಡಿದ್ದರು. ಮಂಗಳೂರು-ಕಾಸರಗೋಡು ಹೆದ್ದಾರಿಯಲ್ಲಿ ಎರಡೂ ರಾಜ್ಯಗಳ ಕೆಎಸ್‌ಆರ್‌ಟಿಸಿ ಬಸ್ಸುಗಳು ಓಡುತ್ತವೆ. ಅಲ್ಲಿಯವರ ಬಾಯಲ್ಲಿ ಒಂದು 'ಕರ್ನಾಟಕ ಬಸ್ಸು', ಇನ್ನೊಂದು 'ಕೇರಳ ಬಸ್ಸು'.

ರೈಟ್, ಹೋಲ್ಡಾನ್

ಬಸ್ಸಿನ ಜೊತೆಗೇ ಬಂದು ಅರ್ಥ ಬದಲಿಸಿಕೊಂಡ ಪದಗಳಲ್ಲಿ ಈ ಎರಡು ಮುಖ್ಯ. ಕರ್ನಾಟಕದ ಬಸ್ಸುಗಳಲ್ಲಿ 'ರೈಟ್' ಎಂದರೆ ಬಲವೂ ಅಲ್ಲ, ಸರಿಯೂ ಅಲ್ಲ, 'ಹೊರಡು'. 'ಹೋಲ್ಡಾನ್' ಎಂದರೆ 'ನಿಲ್ಲಿಸು'. ಇಂಗ್ಲೆಂಡಿನ ಕುದುರೆಗಾಡಿ, ರೈಲುಗಳ ಗಾರ್ಡುಗಳು ಹೊರಡಲು ಕೊಡುತ್ತಿದ್ದ "ಆಲ್ ರೈಟ್" ಎಂಬ ಸೂಚನೆಯ ಉಳಿಕೆಯೇ ಈ 'ರೈಟ್' ಎಂದು ತಿಳಿಯಲು ಸಾಕಷ್ಟು ಆಧಾರವಿದೆ. ತಮಿಳುನಾಡಿನ ಬಸ್ಸುಗಳಲ್ಲೂ 'ರೈಟ್' ಇದೇ ಕೆಲಸ ಮಾಡುತ್ತದೆ. ಮಂಗಳೂರಿನ ಕಂಡಕ್ಟರ್ ಇದಕ್ಕೆ ತುಳು ಬೆಸೆದು "ಪೋಯಿ, ರೈಟ್" ಎನ್ನುತ್ತಾನೆ. 'ಪೋಯಿ' ಎಂದರೆ ಹೋಗೋಣ. ಬಾಗಿಲ ಪಕ್ಕದ ತಗಡಿಗೆ ಅಂಗೈಯಿಂದ ಎರಡು ಬಡಿತ, ಒಂದು ವಿಶಿಲ್, ಈ ಎರಡು ಪದ. ಡ್ರೈವರ್ ಹಿಂದೆ ತಿರುಗಿ ನೋಡಬೇಕಾಗಿಲ್ಲ.

ಹೊಸ ಬಳಕೆಗಳು

ಕೇಂದ್ರ ಸರ್ಕಾರ 2005ರಲ್ಲಿ ಆರಂಭಿಸಿದ ನಗರ ನವೀಕರಣ ಯೋಜನೆಯ ಇಂಗ್ಲಿಷ್ ಹ್ರಸ್ವರೂಪದ ಬಾಲದಿಂದ 'ನರ್ಮ್ ಬಸ್' ಹುಟ್ಟಿತು. ಆ ಯೋಜನೆಯ ನೆರವಿನಿಂದ ಮಂಗಳೂರು, ಉಡುಪಿಗಳಿಗೆ ಬಂದ ಸರ್ಕಾರಿ ನಗರ ಬಸ್ಸುಗಳಿಗೆ ಜನರೂ ಪತ್ರಿಕೆಗಳೂ ಇದೇ ಹೆಸರಿಟ್ಟರು. ಯೋಜನೆಯ ಪೂರ್ತಿ ಹೆಸರು ಮರೆತುಹೋಗಿದೆ, ಬಾಲ ಓಡುತ್ತಿದೆ. ಓಮ್ನಿಬಸ್ಸಿಗೆ ಆದದ್ದೇ ಇಲ್ಲೂ ಆಗಿದೆ. ರಾತ್ರಿ ಬಿಜೈಯಿಂದ ಬೆಂಗಳೂರಿಗೆ ಹೊರಡುವ ಬಸ್ಸುಗಳಿಗೆ ನಿಗಮ ಐರಾವತ, ಅಂಬಾರಿ, ರಾಜಹಂಸ ಎಂದು ಹೆಸರಿಟ್ಟರೂ, ಹವಾನಿಯಂತ್ರಿತವಾದದ್ದೆಲ್ಲ ಪ್ರಯಾಣಿಕರ ಬಾಯಲ್ಲಿ 'ವೋಲ್ವೋ'. ಅದೂ ಲ್ಯಾಟಿನ್ನೇ: 'ನಾನು ಉರುಳುತ್ತೇನೆ'.

2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆ ಕರ್ನಾಟಕದ ಮಹಿಳೆಯರಿಗೆ ರಾಜ್ಯದೊಳಗೆ ನಿಗಮಗಳ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲದ ಪ್ರಯಾಣ ಕೊಟ್ಟಿತು. ರಾಜ್ಯದ ಬಹುಭಾಗದಲ್ಲಿ ಇದು 'ಫ್ರೀ ಬಸ್' ಎಂಬ ಮಾತನ್ನು ತಂದಿತು. ಖಾಸಗಿ ಬಸ್ಸುಗಳೇ ಹೆಚ್ಚಿರುವ ಮಂಗಳೂರಿನಲ್ಲಿ ಅದರ ಫಲ ದಾರಿ ದಾರಿಗೆ ಬೇರೆ, ಹಾಗಾಗಿ ಸರ್ಕಾರಿ, ಖಾಸಗಿ ಎಂಬ ಹಳೆಯ ಗೆರೆ ಮಹಿಳೆಯರ ಮಾತಿನಲ್ಲಿ ಇನ್ನಷ್ಟು ದಪ್ಪವಾಗಿದೆ. ದೂರದಿಂದ ಬರುವ ಗಾಡಿಯ ಬಣ್ಣ ಗುರುತಿಸಲು ಕಣ್ಣು ಕಿರಿದುಮಾಡಿ, ಪಕ್ಕದವರನ್ನು ಕೇಳುವ ಪ್ರಶ್ನೆ ಈಗ ಇಷ್ಟೇ: "ಸರ್ಕಾರಿಯಾ?" ಬಸ್ಸು ಎಂಬ ಪದವನ್ನು ಸೇರಿಸುವ ಅಗತ್ಯ ಯಾರಿಗೂ ಕಾಣುವುದಿಲ್ಲ.